ತವರೂರಿನ ದಾಖಲೆ

ಹೊಸಬರು ಪರಿಚಯವಾದರೆ ನಮ್ಮ ಕಡೆ ಮೊದಲು ಕೇಳುವ ಮಾತು, "ನಿಮ್ಮೂರು ಯಾವುದ್ರಿ?" ಗಂಡಸರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಹೆಂಗಸರು ಮಾತ್ರ ಒಂದು ಗಳಿಗೆ ತಡೆದು, "ತವರೂರೋ, ಕೊಟ್ಟೂರೋ?" ಎಂದು ತಿರುಗಿ ಕೇಳುತ್ತೇವೆ. ನನ್ನ ತವರು ಆಳಂದ ತಾಲ್ಲೂಕು, ಕೊಟ್ಟಿದ್ದು ಅಫಜಲಪುರಕ್ಕೆ, ನೌಕರಿ ಹೆಚ್ಚು ಕಾಲ ಮಾಡಿದ್ದು ಜೇವರ್ಗಿ ತಾಲ್ಲೂಕಿನಲ್ಲಿ. ಮೂರೂ ಒಂದೇ ಜಿಲ್ಲೆಯವು. ಹೀಗಾಗಿ ನಾನು ಯಾವ ಊರಿನ ಹೆಸರು ಹೇಳಿದರೂ ಯಾರೂ ತಕರಾರು ಮಾಡುವುದಿಲ್ಲ. ನಮ್ಮ ದೊಡ್ಡವ್ವನ ಮಗಳಿಗೆ ಹಾಗಾಗಲಿಲ್ಲ.

2014ರ ಬೇಸಿಗೆಯಲ್ಲಿ ಅವಳು ಮಗಳನ್ನು ಕರೆದುಕೊಂಡು ಸೋಲಾಪುರದಿಂದ ನಮ್ಮ ಮನೆಗೆ ಬಂದಳು. ಹುಡುಗಿ ಆಗಷ್ಟೇ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಅಂಕಿ, 371 ಜೆ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದ ಈ ಕಲಮು, ನಮ್ಮ ಭಾಗದ ಕಾಲೇಜು ಸೀಟುಗಳಲ್ಲೂ ಸರಕಾರಿ ನೌಕರಿಗಳಲ್ಲೂ ಒಂದು ಪಾಲನ್ನು ಈ ಪ್ರದೇಶದವರಿಗೇ ಮೀಸಲಿಡಲು ದಾರಿ ಮಾಡಿತು. ಈ ಪ್ರದೇಶದವರು ಎಂದರೆ ಯಾರು? ಕಲಮಿನಲ್ಲೇ ಉತ್ತರವಿದೆ: ಹುಟ್ಟಿನಿಂದ ಅಥವಾ ವಾಸದಿಂದ ಇಲ್ಲಿಗೆ ಸೇರಿದವರು.

ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಅಲ್ಲಿಯತನಕ ನಮ್ಮೂರಿನ ಹೆಸರು ಹೇಳಲು ನಾಚುತ್ತಿದ್ದವರನ್ನು ನಾನು ಕಂಡಿದ್ದೇನೆ. ಬೆಂಗಳೂರು, ಪುಣೆ ಸೇರಿ ಎರಡು ತಲೆಮಾರಾದವರು, "ಮೂಲ ಗುಲ್ಬರ್ಗಾ ಕಡೆ, ಆದರೆ ನಾವೇನು ಅಲ್ಲಿಗೆ ಹೋಗೋದಿಲ್ಲ" ಎನ್ನುತ್ತಿದ್ದರು. 2013ರ ನಂತರ ಅವರೇ ಶಾಲೆಯ ಬಾಗಿಲಿಗೆ ಬಂದು, ಅಪ್ಪನ ಹೆಸರು ಹಳೆಯ ದಾಖಲಾತಿ ವಹಿಯಲ್ಲಿದೆಯೇ ನೋಡಿ ಎಂದು ಕೈಮುಗಿದರು. ಎರಡು ಬೇಸಿಗೆ ರಜೆ ನಾವು ಮಾಸ್ತರರು ಧೂಳು ಕುಡಿದದ್ದೇ ಬಂತು. ನಮ್ಮ ಶಾಲೆಯ ಅತಿ ಹಳೆಯ ವಹಿ ಉರ್ದುವಿನಲ್ಲಿತ್ತು. ಅದನ್ನು ಓದಲು ನಿವೃತ್ತರಾದ ಉರ್ದು ಮಾಸ್ತರರೊಬ್ಬರನ್ನು ಮನೆಯಿಂದ ಕರೆಸುತ್ತಿದ್ದೆವು. ಅವರು ಕನ್ನಡಕ ಏರಿಸಿ ಹುಡುಗನ ಹೆಸರು, ತಂದೆಯ ಹೆಸರು, ಊರು, ಜಾತಿ ಎಂದು ಓದಿ ಹೇಳುತ್ತಿದ್ದರು. ತಾಯಿಯ ಹೆಸರಿಗೆ ಆ ವಹಿಯಲ್ಲಿ ಕಾಲಮೇ ಇರಲಿಲ್ಲ.

ನಮ್ಮ ಅಕ್ಕ, ಅಂದರೆ ದೊಡ್ಡವ್ವನ ಮಗಳು, ಹುಟ್ಟಿದ್ದು 1967ರಲ್ಲಿ, ಆಳಂದ ತಾಲ್ಲೂಕಿನ ನಮ್ಮ ಅಜ್ಜನ ಮನೆಯ ನಡುಮನೆಯಲ್ಲಿ. ದೊಡ್ಡವ್ವನನ್ನು ಸೋಲಾಪುರದ ಗಿರಣಿ ಕೆಲಸಗಾರರ ಮನೆಗೆ ಕೊಟ್ಟಿದ್ದರು. ಆಗ ಆಳಂದ, ಅಫಜಲಪುರದ ಎಷ್ಟೋ ಮನೆಗಳಿಗೆ ಸೋಲಾಪುರದ ಗಿರಣಿಯ ಭೋಂಗಾ ಎಂದರೆ ಅನ್ನದ ಕರೆ ಇದ್ದ ಹಾಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮಲ್ಲಿ ಬಿಡದ ಪದ್ಧತಿ. ಯೋಚಿಸಿ ನೋಡಿ, ಆ ಲೆಕ್ಕದಲ್ಲಿ ಸೋಲಾಪುರದ ಕನ್ನಡ ಮನೆಗಳ ಎಷ್ಟು ಹಿರಿಮಕ್ಕಳು ನಮ್ಮ ಹಳ್ಳಿಗಳಲ್ಲಿ ಹುಟ್ಟಿರಬೇಕು! ಅವರ ತಮ್ಮ ತಂಗಿಯರು ಅಲ್ಲೇ ಗಿರಣಿ ಚಾಳಿನಲ್ಲಿ. ಒಂದೇ ಹೊಟ್ಟೆಯ ಮಕ್ಕಳಲ್ಲಿ ಒಬ್ಬರು ಹುಟ್ಟಿನಿಂದ ಇಲ್ಲಿಯವರು, ಉಳಿದವರಲ್ಲ.

ಕಚೇರಿಯೊಂದರಲ್ಲಿ ಅಕ್ಕನಿಗೆ ಹೇಳಿ ಕಳಿಸಿದ್ದು ಇಷ್ಟೇ: ಮಗಳಿಗೆ ಅನುಕೂಲವಾಗುತ್ತದೋ ಇಲ್ಲವೋ ಆಮೇಲೆ ನೋಡೋಣ, ಮೊದಲು ನೀವು ಇಲ್ಲಿ ಹುಟ್ಟಿದ್ದಕ್ಕೆ ದಾಖಲೆ ತನ್ನಿ. ಜನನ ಮರಣ ನೋಂದಣಿ ಕಾಯಿದೆ ಆದದ್ದೇ 1969ರಲ್ಲಿ. ಸೂಲಗಿತ್ತಿ ಹಗ್ಗದ ಹೊರಸಿನ ಮೇಲೆ ಮಾಡಿಸಿದ ಹೆರಿಗೆಗೆ ಯಾವ ದಾಖಲೆ? ಮಹಾರಾಷ್ಟ್ರದ ಶಾಲೆಯ ದಾಖಲೆಯಲ್ಲಿ ಜನ್ಮಸ್ಥಳ ಎಂಬ ಕಾಲಮು ಇರುತ್ತದೆ. ಅಕ್ಕ ಅದನ್ನು ಆಸೆಯಿಂದ ತೆಗೆಸಿದಳು. ಸೋಲಾಪುರ ಎಂದು ಬರೆದಿತ್ತು. ಹೆಸರು ಹಚ್ಚಲು ಹೋದ ಕಾಕಾ, ಮಾಸ್ತರರು ಕೇಳಿದಾಗ ಇರುವ ಊರನ್ನೇ ಹೇಳಿ ಬಂದಿದ್ದರು.

ಆ ಮಾಸ್ತರರನ್ನು ನಾನು ಬೈಯಲಾರೆ. ಜೂನ್ ತಿಂಗಳಲ್ಲಿ ಕೈಹಿಡಿದು ಕರೆತಂದ ಮಕ್ಕಳಿಗೆ ಹುಟ್ಟಿದ ದಿನ ಕೇಳಿದರೆ, "ಜೋಳಾ ರಾಶಿ ಆಗೂ ಮುಂದ" ಎನ್ನುವ ತಾಯಂದಿರ ಎದುರು ನಾನೂ ಜೂನ್ 1 ಎಂದು ಬರೆದಿದ್ದೇನೆ. ಒಂದಲ್ಲ, ನೂರಾರು. ಆ ಮಕ್ಕಳೆಲ್ಲ ಇಂದು ಅದೇ ದಿನ ಹುಟ್ಟಿದವರಾಗಿ ಅದೇ ತಾರೀಖಿಗೆ ನಿವೃತ್ತರಾಗುವರು. ತಾಯಿ ಹೇಳಿದ ಜೋಳದ ರಾಶಿಯ ಮಾತು ವಹಿಯಲ್ಲಿ ಹಿಡಿಯಲಿಲ್ಲ.

ಅಜ್ಜನ ಟ್ರಂಕಿನಲ್ಲಿ ಏನಾದರೂ ಸಿಕ್ಕೀತು ಎಂದು ನಾವಿಬ್ಬರೂ ಊರಿಗೆ ಹೋದೆವು. ಸಿಕ್ಕಿದ್ದು ಮಡಿಕೆಯ ಗೆರೆಗಳಲ್ಲಿ ಹರಿದ ಒಂದು ಉರ್ದು ಕಾಗದ. ಉರ್ದು ಮಾಸ್ತರರು ಅದನ್ನು ಹಿಡಿದು ನಕ್ಕರು. "ಬಾಯೀ, ನಿಮ್ಮ ಅಜ್ಜಗ ಇದು ಮೊದಲೇ ಸಿಕ್ಕಿತ್ತು. ಮುಲ್ಕಿ ಸರ್ಟಿಫಿಕೇಟು!"

ಈಗಿನ ಹುಡುಗಿಯರಿಗೆ ಮುಲ್ಕಿ ಎಂದರೆ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಕೂಡ ನೆನಪಿರಲಾರದು. ಇದು ಬೇರೆ. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿಗ. ನಿಜಾಮರ ಸರಕಾರದಲ್ಲಿ ನೌಕರಿ ಬೇಕಾದರೆ ಮುಲ್ಕಿಯಾಗಿರಬೇಕು ಎಂಬ ನಿಯಮ 1919ರ ಫರ್ಮಾನಿನಿಂದ ಗಟ್ಟಿಯಾಯಿತು. ಉತ್ತರ ಹಿಂದೂಸ್ತಾನದಿಂದ ಓದಿದವರು ಬಂದು ಹುದ್ದೆ ಹಿಡಿಯುತ್ತಾರೆಂಬ ಸ್ಥಳೀಯರ ಸಂಕಟ ಅದರ ಹಿಂದಿತ್ತು. ಹುಟ್ಟಿನಿಂದ ಹೈದರಾಬಾದ್ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಮುಲ್ಕಿಯ ಹೆಂಡತಿ ಮುಲ್ಕಿ. ಹೊರಗಿನಿಂದ ಬಂದವನಾದರೆ ಹದಿನೈದು ವರ್ಷ ಕಾಯಂ ಇಲ್ಲಿ ವಾಸವಾಗಿರಬೇಕು. ಅಷ್ಟೇ ಸಾಲದು, ಬಿಟ್ಟು ಬಂದ ಊರಿಗೆ ಮರಳಿ ಹೋಗುವ ವಿಚಾರವನ್ನೇ ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಇದನ್ನು ಕೇಳಿದಾಗ ನನಗೆ ಅನ್ನಿಸಿದ್ದು, ಮದುವೆಯಾದ ಹೆಣ್ಣಿನ ಹತ್ತಿರ ಇಂಥ ಪ್ರಮಾಣವನ್ನು ಯಾರೂ ಬರೆಸಿಕೊಳ್ಳುವುದಿಲ್ಲ, ಬಾಯಿಮಾತಿನಲ್ಲೇ ತೀರಿಸಿಬಿಡುತ್ತಾರೆ.

1948ರ ಸಪ್ಟಂಬರ್‌ನಲ್ಲಿ ಪೋಲಿಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತಕ್ಕೆ ಸೇರಿತು. ಹೊರಗಿನ ಅಧಿಕಾರಿಗಳು ಬಂದರೆಂದು 1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿ ಎದ್ದು ಗೋಲಿಬಾರ್ ಕೂಡ ಆಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ತೆಲಂಗಾಣದವರು ಮುಲ್ಕಿ ಹಕ್ಕಿಗಾಗಿ ಬಡಿದಾಡುತ್ತಲೇ ಇದ್ದು 1973ರಲ್ಲಿ 371 ಡಿ ಪಡೆದರು. ಅದೇ ನಿಜಾಮರ ಕೈಯಲ್ಲಿದ್ದ ನಮಗೆ ಅಂಥದೊಂದು ಕಲಮು ಬರಲು, ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಹೋರಾಡಿದ ಮೇಲೂ, 2012 ಆಗಬೇಕಾಯಿತು. ಇದರ ನಡುವೆ ಅಜ್ಜನ ಕಾಗದ ಟ್ರಂಕಿನ ತಳದಲ್ಲಿ ಸುಮ್ಮನೆ ಮಲಗಿತ್ತು. ಅಜ್ಜ ಹುಟ್ಟು ಮುಲ್ಕಿ ಎಂದು ಅದರಲ್ಲಿತ್ತು. ಮೊಮ್ಮಗಳು ಎಲ್ಲಿ ಹುಟ್ಟಿದಳೆಂದು ಅದು ಹೇಳುವುದು ಹೇಗೆ?

ಇದನ್ನೆಲ್ಲ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಹಳೆಯ ವಿದ್ಯಾರ್ಥಿನಿಗೆ ಫೋನಿನಲ್ಲಿ ಹೇಳಿಕೊಂಡೆ. ಅವಳು ನಕ್ಕು, "ಟೀಚರ್, ಇಲ್ಲಿ ನಮ್ಮ ನೆರೆಯವರ ಮನೆಯಲ್ಲೂ ಅದೇ ನಡದದ" ಎಂದಳು. ನೆರೆಮನೆಯಾಕೆಯ ಮುತ್ತಜ್ಜಿ ದಕ್ಷಿಣ ಇಟಲಿಯಿಂದ ಬಂದವಳಂತೆ. ಈಕೆಗೆ ಇಟಾಲಿಯನ್ ಭಾಷೆಯ ಒಂದಕ್ಷರ ಬಾರದು, ಆದರೆ ಇಟಲಿಯ ಪೌರತ್ವ ಬೇಕು, ಮಗ ಯುರೋಪಿನಲ್ಲಿ ಓದಲಿ ಎಂದು. ಇಂಥವರು ಅಮೆರಿಕದಲ್ಲಿ ಲೆಕ್ಕವಿಲ್ಲದಷ್ಟು. ಐರ್ಲೆಂಡಿನಲ್ಲಿ ಅಜ್ಜನೋ ಅಜ್ಜಿಯೋ ಹುಟ್ಟಿದ್ದರೆ ಮೊಮ್ಮಕ್ಕಳು ಅಲ್ಲಿಯ ಪೌರರಾಗಬಹುದು. ಇಟಲಿಯ ನಿಯಮ ಇನ್ನೂ ಉದಾರವಾಗಿತ್ತು. ಇಟಲಿ ಒಂದು ರಾಜ್ಯವಾದ 1861ರ ಮಾರ್ಚ್ 17ರ ನಂತರ ಅಲ್ಲಿಯ ಪ್ರಜೆಯಾಗಿದ್ದ ಪೂರ್ವಜನಿಂದ ಎಷ್ಟು ತಲೆ ಕೆಳಗಿದ್ದರೂ ಸರಿ, ಎಳೆ ಕಡಿಯದೆ ಬಂದಿರಬೇಕು, ಅಷ್ಟೇ. 2025ರ ಮಾರ್ಚ್‌ನಲ್ಲಿ ಅವರು ಹೊಸ ಕಾನೂನು ತಂದು ಅದನ್ನು ಅಪ್ಪ ಅಮ್ಮ, ಅಜ್ಜ ಅಜ್ಜಿಯರವರೆಗೆ ಮೊಟಕು ಮಾಡಿದರು.

ಎಳೆ ಕಡಿಯುವುದು ಎಂದರೇನೆಂದು ಕೇಳಿದಾಗ ನಮ್ಮ ಮುಲ್ಕಿ ಪ್ರಮಾಣಪತ್ರವೇ ಕಣ್ಣ ಮುಂದೆ ಬಂತು. ಅಮೆರಿಕದ ಪೌರನಾಗುವವನು ಹಿಂದಿನ ರಾಜನಿಗೆ, ದೇಶಕ್ಕೆ ತನ್ನ ನಿಷ್ಠೆಯನ್ನು ಬಿಟ್ಟೆ ಎಂದು ಪ್ರಮಾಣ ಮಾಡಬೇಕು. ಮಗ ಹುಟ್ಟುವ ಮೊದಲೇ ಅಜ್ಜ ಆ ಪ್ರಮಾಣ ಮಾಡಿದ್ದರೆ ಎಳೆ ಅಲ್ಲಿಗೇ ಕಡಿಯಿತು. ಮಾಡದೆ ಪರದೇಶಿಯಾಗಿಯೇ ಉಳಿದಿದ್ದರೆ ಮೊಮ್ಮಕ್ಕಳಿಗೆ ಅದೃಷ್ಟ. ತಮ್ಮ ಅಜ್ಜ ಅಮೆರಿಕದವನಾಗಲು ತಡಮಾಡಿದ ಎಂದು ಸಾಧಿಸಲು ಅಮೆರಿಕದವರು ಹಣ ಖರ್ಚು ಮಾಡುತ್ತಾರೆ ಎಂದರೆ ನಗು ಬರುವುದಿಲ್ಲವೇ?

ಹೆಂಗಸಿನ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. ಇಟಲಿಯಲ್ಲಿ ತಾಯಿಯಿಂದ ಮಗುವಿಗೆ ಪೌರತ್ವ ಇಳಿಯುತ್ತಿದ್ದುದು ಮಗು 1948ರ ಜನವರಿ 1ರ ನಂತರ ಹುಟ್ಟಿದ್ದರೆ ಮಾತ್ರ, ಅಂದರೆ ಅವರ ಹೊಸ ಸಂವಿಧಾನ ಜಾರಿಯಾದ ದಿನದಿಂದ. ಅದಕ್ಕೂ ಮೊದಲಿನವರು ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಮೆರಿಕದಲ್ಲಿಯೂ 1907ರ ಕಾಯಿದೆಯಂತೆ ಪರದೇಶದವನನ್ನು ಮದುವೆಯಾದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದು ಸಡಿಲವಾಯಿತು. ನಾವೇನೂ ಮುಂದಿರಲಿಲ್ಲ. 1955ರ ನಮ್ಮ ಪೌರತ್ವ ಕಾಯಿದೆಯಲ್ಲಿ ಪರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಪೌರತ್ವ ಬರುತ್ತಿದ್ದುದು ತಂದೆಯಿಂದಷ್ಟೇ. ತಾಯಿಯನ್ನು ಸೇರಿಸಿದ್ದು 1992ರಲ್ಲಿ. ನಾನಾಗ ಬಿ.ಎಡ್. ಮುಗಿಸಿ ಪೌರನೀತಿ ಪಾಠ ಹೇಳುತ್ತಿದ್ದೆ. ಈ ತಿದ್ದುಪಡಿಯ ಸುದ್ದಿ ನನಗೆ ಗೊತ್ತೇ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಟಲಿಯವರನ್ನು ಮೆಚ್ಚಬೇಕು. ಅಲ್ಲಿಯ ದಾಖಲೆಗಳಲ್ಲಿ ಹೆಣ್ಣು ಮದುವೆಯ ನಂತರವೂ ಹುಟ್ಟಿದ ಹೆಸರಿನಲ್ಲೇ ಇರುತ್ತಾಳೆ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿಯುವವರ ಹೆಸರನ್ನು ಗುಮಾಸ್ತರು ಬೇಕಾಬಿಟ್ಟಿ ಬದಲಿಸಿದರೆಂದು ಅಮೆರಿಕದವರು ಹೇಳುತ್ತಾರಂತೆ. ಅದು ಬರೀ ಕಥೆ. ಗುಮಾಸ್ತರು ನೋಡುತ್ತಿದ್ದುದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿಯನ್ನು. ಹೆಸರು ಬದಲಾಗಿದ್ದು ಆಮೇಲೆ, ಅವರವರ ಕೈಯಿಂದಲೇ.

ನಮ್ಮಲ್ಲಿ ಹೆಸರು ಬದಲಾಗುವುದು ಅಕ್ಕಿಯ ತಟ್ಟೆಯಲ್ಲಿ. ಮದುವೆಯ ದಿನ ಗಂಡನ ಮನೆಯವರು ಅಕ್ಕಿ ಹರವಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾರೆ. ತವರಿನಲ್ಲಿ ಗುರುಬಾಯಿಯಾಗಿದ್ದ ನಮ್ಮ ದೊಡ್ಡವ್ವ ಸೋಲಾಪುರದಲ್ಲಿ ಸುಶೀಲಾ ಆದಳು. ರೇಶನ್ ಕಾರ್ಡು, ಮತದಾರರ ಯಾದಿ ಎಲ್ಲದರಲ್ಲೂ ಸುಶೀಲಾ. ಗುರುಬಾಯಿ ಎಂಬ ಹುಡುಗಿ ಆಳಂದ ಸೀಮೆಯಲ್ಲಿ ಇದ್ದಳು ಎಂಬುದಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಶಾಲೆಗಂತೂ ಅವಳನ್ನು ಕಳಿಸಿರಲಿಲ್ಲ. ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದ ಹೆಳವ ನಮ್ಮ ಅಂಗಳದಲ್ಲಿ ನಿಂತು ಏಳು ತಲೆಮಾರಿನ ಹೆಸರು ಹಾಡುತ್ತಿದ್ದ. ಆ ಏಳೂ ಗಂಡಸರ ಹೆಸರು.

ಅದರಲ್ಲೂ ಅವಳ ಹುಟ್ಟು ಇನ್ನೂ ಗೋಜಲು. ಅಜ್ಜಿಯ ತವರು ಅಕ್ಕಲಕೋಟ. ಇಪ್ಪತ್ತು ಮೂವತ್ತು ಮೈಲಿನ ದಾರಿ, ಮಾತು ಅದೇ ಕನ್ನಡ, ಆದರೆ ಅಂದಿಗೆ ಅದು ಬೇರೆ ರಾಜ್ಯ. ಗಡಿಯಲ್ಲಿ ನಿಜಾಮರ ಕರೋಡಗಿರಿ ನಾಕೆ. ಇತ್ತ ಹಾಲಿ ಸಿಕ್ಕಾ, ಅತ್ತ ಕಲದಾರ್ ರೂಪಾಯಿ. 1948ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಗಡಿಯ ಹಳ್ಳಿಗಳವರು ಮನೆಗೆ ಬೀಗ ಹಾಕಿ ಅಕ್ಕಲಕೋಟ, ಸೋಲಾಪುರದ ಕಡೆ ಹೋದರು. ಬಸುರಿ ಅಜ್ಜಿಯೂ ಬಂಡಿ ಹತ್ತಿದಳು. ಶ್ರಾವಣದಲ್ಲಿ ದೊಡ್ಡವ್ವ ಅಲ್ಲೇ ಹುಟ್ಟಿದಳು. ದೀಪಾವಳಿಯ ಹೊತ್ತಿಗೆ ಎಲ್ಲರೂ ಊರಿಗೆ ಮರಳಿದರು. ಹೀಗೆ ಸುಮಾರು ಹದಿನೆಂಟು ವರ್ಷ ನಮ್ಮೂರಿನಲ್ಲಿ ಬೆಳೆದ ದೊಡ್ಡವ್ವ ಹುಟ್ಟಿನಿಂದ ಇಲ್ಲಿಯವಳಲ್ಲ. ಹುಟ್ಟಿ ಮೂರು ತಿಂಗಳಿಗೆ ಸೋಲಾಪುರಕ್ಕೆ ಹೋದ ಮಗಳು ಹುಟ್ಟಿನಿಂದ ಇಲ್ಲಿಯವಳು. 1967ರ ಮಹಾಜನ ವರದಿ ಅಕ್ಕಲಕೋಟವನ್ನೂ ದಕ್ಷಿಣ ಸೋಲಾಪುರವನ್ನೂ ನಮಗೆ ಕೊಡಬೇಕೆಂದಿತು. ಅದು ಜಾರಿಯಾಗಿದ್ದರೆ ಈ ಲೆಕ್ಕ ಇನ್ನೊಂದು ರೀತಿ ಇರುತ್ತಿತ್ತೋ ಏನೋ.

ದೊಡ್ಡವ್ವ ಆಗ ಗಟ್ಟಿಯಾಗಿಯೇ ಇದ್ದಳು. ಅವಳನ್ನೇ ಕಚೇರಿಗೆ ಕರೆದುಕೊಂಡು ಹೋದೆವು. ಬಾಯಿಮಾತು ನಡೆಯುವುದಿಲ್ಲ, ಕಾಗದ ಬೇಕು ಎಂದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, "ನಾ ಹಡದಾಕಿ, ಎಲ್ಲಿ ಹಡದೀನಂತ ನನಗ ಗೊತ್ತಿಲ್ಲೇನೋ ಯಪ್ಪಾ?" ಎಂದಳು. ಮೇಜಿನ ಹಿಂದಿನ ಹುಡುಗ ತಲೆ ತಗ್ಗಿಸಿದ. ಪಾಪ, ಅವನ ಕೈಯಲ್ಲಾದರೂ ಏನಿತ್ತು? ಸುಳ್ಳು ಕಾಗದ ತರುವವರನ್ನೂ ಅವನು ದಿನಾ ನೋಡುತ್ತಿದ್ದನಲ್ಲ. ನನಗೆ ಸಿಟ್ಟು ಬಂದದ್ದು ನಿಜ, ಯಾರ ಮೇಲೆ ಎಂದು ಇಂದಿಗೂ ತಿಳಿದಿಲ್ಲ.

ಅಲ್ಲಿಗೆ ಮುಗಿಯಿತು. "ಬಿಡು, ಸೋಲಾಪುರದಾಗೇ ಓದ್ಲಿ" ಎಂದು ಅಕ್ಕ ಹೊರಟಳು. ಹುಡುಗಿ ಅಲ್ಲೇ ಬಿ.ಎಸ್ಸಿ. ಮಾಡಿ ಈಗ ಅಲ್ಲೇ ಕೆಲಸದಲ್ಲಿದ್ದಾಳೆ.

ಕೆಲವು ವರ್ಷಗಳ ನಂತರ ದೊಡ್ಡವ್ವ ತೀರಿಕೊಂಡಾಗ ಸೋಲಾಪುರಕ್ಕೆ ಹೋಗಿದ್ದೆ. ಅಡುಗೆಮನೆಯ ಮಾಡದಲ್ಲಿ ಅವಳ ಮದುವೆಯಲ್ಲಿ ಅಜ್ಜ ಕೊಟ್ಟ ಹಿತ್ತಾಳೆಯ ಕೊಡ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಂಡವು. ಗುರುಬಾಯಿ, ಅದರ ಮುಂದೆ ಅಜ್ಜನ ಹೆಸರು, ನಮ್ಮೂರು, ತಾಲೂಕ ಆಳಂದ, 1966. ಅಕ್ಕನ ಮಗಳು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಕೊಡವನ್ನು ಅಕ್ಕ ನೀರು ತುಂಬಿ ಮತ್ತೆ ಅದೇ ಮಾಡದಲ್ಲಿಟ್ಟಳು.