ನೂಲೇಣಿಯ ಕೊನೆಯ ಮೆಟ್ಟಿಲು

ಕಡಿದಾದ ಬಂಡೆಯಲ್ಲಿ ಕೈಗೆ ಹಿಡಿತ ಸಿಗದ, ಕಾಲೂರಲು ಜಾಗವಿಲ್ಲದ ಕಡೆ ಏರುವವರು ಬಿರುಕಿಗೆ ಪಿಟಾನ್ ಎಂಬ ಉಕ್ಕಿನ ಮೊಳೆ ಬಡಿಯುತ್ತಾರೆ. ಅದಕ್ಕೆ ಪುಟ್ಟದೊಂದು ನೂಲೇಣಿ ತೂಗುಹಾಕಿ, ಅದರಲ್ಲಿ ನಿಂತು ಮುಂದಿನ ಮೊಳೆ ಬಡಿಯುತ್ತಾರೆ. ಈ ಬಗೆಯ ಹತ್ತುವಿಕೆಗೆ ಏಯ್ಡ್ ಕ್ಲೈಂಬಿಂಗ್ ಎಂದು ಹೆಸರು, ಏಣಿಗೆ ಏಯ್ಡರ್. ಫ್ರೆಂಚರು ಅದನ್ನು ಕರೆಯುವುದು ಎತ್ರಿಯೇ ಎಂದು. ಎಂದರೆ ಕುದುರೆ ಸವಾರ ಕಾಲಿಡುವ ರಿಕಾಪು.

ಆಲ್ಪ್ಸ್ ಪರ್ವತಗಳಲ್ಲಿ ಬಳಕೆಯಾದ ಹಳೆಯ ಏಣಿಗಳು ಹಗ್ಗಕ್ಕೆ ಮರದ ಅಥವಾ ಲೋಹದ ಅಡ್ಡಪಟ್ಟಿ ಕಟ್ಟಿದಂಥವು. ಕಾಲಿಡಲು ಸುಲಭ, ಹೊರಲು ಭಾರ. ಬಿರುಕಿಗೆ ಸಿಕ್ಕಿಕೊಳ್ಳುವುದೂ ಇತ್ತು. ಎರಡನೇ ಮಹಾಯುದ್ಧದ ನಂತರ ನೈಲಾನ್ ಪಟ್ಟಿ ಸಿಗತೊಡಗಿದ ಮೇಲೆ ಹತ್ತುವವರು ತಮ್ಮ ಏಣಿಯನ್ನು ತಾವೇ ಗಂಟು ಹಾಕಿ ಕಟ್ಟಿಕೊಂಡರು. ಮೆಟ್ಟಿಲಿನ ಅಂತರ ಅವರವರ ಕಾಲಿನ ಅಳತೆಗೆ ಒಗ್ಗಿತು. ತೊಂದರೆ ಒಂದೇ: ಭಾರ ಬಿದ್ದಾಗ ಪಟ್ಟಿಯ ಎರಡು ಪಕ್ಕಗಳು ಕೂಡಿಕೊಂಡು ಕುಣಿಕೆ ಮುಚ್ಚುತ್ತಿತ್ತು, ಪಾದ ಒಳಗೆ ಹೋಗುತ್ತಿರಲಿಲ್ಲ. ಗಂಟು ಹಾಕುವಾಗಲೇ ಒಂದು ಪಕ್ಕವನ್ನು ತುಸು ಉದ್ದ ಬಿಟ್ಟರೆ ಕುಣಿಕೆ ಬಾಯಿ ತೆರೆದೇ ಇರುತ್ತದೆ. ಮುಂದೆ ಬಂದ ಹೊಲಿಗೆಯ ಏಣಿಗಳಲ್ಲಿ ಗಂಟು ಹೋಯಿತು, ಈ ಉಪಾಯ ಉಳಿಯಿತು. ಕೆಲವದರಲ್ಲಿ ಮೆಟ್ಟಿಲು ಎಡಕ್ಕೊಂದು ಬಲಕ್ಕೊಂದು. ಕೆಲವದರಲ್ಲಿ ಮೇಲೊಂದು ಅಡ್ಡಕಡ್ಡಿ ಇರಿಸಿ ನಿಜವಾದ ಏಣಿಯಂತೆ ಅಗಲಿಸಿರುತ್ತಾರೆ. ಮೊದಲನೆಯದು ಹಗುರ. ಎರಡನೆಯದರಲ್ಲಿ ದಿನವಿಡೀ ನಿಲ್ಲುವ ಪಾದಕ್ಕೆ ನೋವು ಕಡಿಮೆ.

ಇವೆಲ್ಲಕ್ಕಿಂತ ಹೆಚ್ಚು ಲೆಕ್ಕಾಚಾರ ಬೇಡುವುದು ಮೇಲಿನ ಕೊನೆಯ ಮೆಟ್ಟಿಲು. ಸೊಂಟವನ್ನು ಮೊಳೆಗೆ ಬಿಗಿದುಕೊಂಡು ಅದರಲ್ಲಿ ನಿಂತವರು ಎಷ್ಟು ಎತ್ತರಕ್ಕೆ ಕೈ ಚಾಚಬಲ್ಲರೋ ಅಷ್ಟು ದೂರದಲ್ಲಿ ಮುಂದಿನ ಮೊಳೆ. ಬಿರುಕೇ ಇಲ್ಲದ ಕಡೆ ಬಂಡೆ ಕೊರೆದು ಬೋಲ್ಟ್ ಕೂರಿಸಬೇಕು. ಅಲ್ಲಿ ಮೆಟ್ಟಿಲು ಅರ್ಧ ಅಡಿ ತಗ್ಗಿದರೆ ತೂತುಗಳು ಹೆಚ್ಚುತ್ತವೆ.

ತೂತುಗಳ ಎಣಿಕೆ ಯಾಕೆ ಮುಖ್ಯವಾಯಿತೆಂಬುದು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯ ಕಥೆ. ಅಲ್ಲಿನ ಎಲ್ ಕ್ಯಾಪಿಟನ್ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆ. ವಾರನ್ ಹಾರ್ಡಿಂಗ್ ಅದರ 'ನೋಸ್' ಎಂಬ ಮೂತಿಯನ್ನು 1957ರಲ್ಲಿ ಏರತೊಡಗಿ, 1958ರ ನವೆಂಬರ್ 12ರಂದು ವೇಯ್ನ್ ಮೆರ‍್ರಿ ಮತ್ತು ಜಾರ್ಜ್ ವಿಟ್‌ಮೋರ್ ಜೊತೆ ತುದಿ ಮುಟ್ಟಿದರು. ಕೊನೆಯ ರಾತ್ರಿ ತಲೆದೀಪದ ಬೆಳಕಲ್ಲಿ ಒಬ್ಬರೇ 28 ತೂತು ಕೊರೆದರು. ಇಡೀ ದಾರಿಗೆ 125 ಬೋಲ್ಟ್. ರಾಯಲ್ ರಾಬಿನ್ಸ್‌ಗೆ ಇದು ಒಗ್ಗಲಿಲ್ಲ: ಎಲ್ಲೆಂದರಲ್ಲಿ ಕೊರೆಯುತ್ತ ಹೋದರೆ ಯಾವ ಗೋಡೆಯನ್ನಾದರೂ ಏರಬಹುದು, ಅದರಲ್ಲಿ ಗೆಲುವೇನು ಬಂತು? 1961ರಲ್ಲಿ ಅವರು ಟಾಮ್ ಫ್ರಾಸ್ಟ್ ಮತ್ತು ಚಕ್ ಪ್ರಾಟ್ ಜೊತೆ ಅದೇ ಗೋಡೆಯಲ್ಲಿ 'ಸಲಾಥೆ ವಾಲ್' ಎಂಬ ದಾರಿಯನ್ನು 13 ಬೋಲ್ಟ್‌ಗಳಲ್ಲಿ ಮುಗಿಸಿದರು. ಬಿರುಕುಗಳನ್ನು ಹುಡುಕಿ ದಾರಿ ಆರಿಸಿದ್ದೇ ಇದರ ಮುಖ್ಯ ಕಾರಣ. ಆದರೆ ಆ ಕಾಲದಿಂದ ಒಂದೊಂದು ತೂತಿಗೂ ಲೆಕ್ಕ ಒಪ್ಪಿಸಬೇಕಾಯಿತು.

ಹಾಗಾಗಿ ಇವತ್ತಿಗೂ ಅಂಗಡಿಯ ಏಣಿ ಕೊಂಡವರಲ್ಲಿ ಕೆಲವರು ಅದನ್ನು ಹಾಗೇ ಬಳಸುವುದಿಲ್ಲ. ಮನೆಯ ತೊಲೆಗೆ ತೂಗುಹಾಕಿ ನಿಂತು ನೋಡುತ್ತಾರೆ. ಮೇಲಿನ ಮೆಟ್ಟಿಲು ತಗ್ಗಾಯಿತೆನಿಸಿದರೆ ಇನ್ನೊಂದು ಕುಣಿಕೆ ಕಟ್ಟಿಕೊಳ್ಳುತ್ತಾರೆ. ಕುಳ್ಳಗಿರುವವರಿಗಂತೂ ಇದು ಅನಿವಾರ್ಯ. ಹಿಂದೆ ಹೋದ ಉದ್ದನೆಯ ಆಳು ಕೂರಿಸಿದ ಬೋಲ್ಟ್ ಅವರ ಕೈಗೆ ಎಟುಕಬೇಕಾದದ್ದು ಆ ಕುಣಿಕೆಯಿಂದಲೇ. ಎಟುಕದಿದ್ದರೆ ನಡುವೆ ಇನ್ನೊಂದು ತೂತು, ಮತ್ತು ಆ ತೂತು ಮುಚ್ಚುವುದಿಲ್ಲ.