ದಣಪೆ, ಶಟರು, ಸರಿಯುವ ಗೇಟು

ಹಳಿಯಾಳದಲ್ಲಾಗಲಿ ದಾಂಡೇಲಿಯಲ್ಲಾಗಲಿ, ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ಸೀಮೆಯ ಗೇಟುಗಳ ಶಾಸ್ತ್ರವೆಲ್ಲ ಕಿವಿಗೆ ಬೀಳುತ್ತದೆ. "ನಡುವ ನವಿಲು ಇರ್ಲಿ", "ಶೀಟು ಹದಿನಾರು ಗೇಜಿಂದ ಹಾಕ್ರಿ", "ಕಾರು ಒಳಗ ಹೋಗಬೇಕ್ರಿ, ಹನ್ನೆರಡು ಫೂಟು ಮಾಡ್ರಿ". ಬಣ್ಣದ ಬಗ್ಗೆ ಗಂಡ ಹೆಂಡತಿ ಅಲ್ಲೇ ಜಗಳಾಡುತ್ತಾರೆ. ಗೇಟು ಹಳಿಯ ತುದಿಗೆ ಬಂದಾಗ ಅದನ್ನು ತಡೆಯುವುದು ಯಾವುದು ಎಂದು ಕೇಳಿದ ಗಿರಾಕಿಯನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಗಾಡಿ ನಿಲ್ಲಿಸುವ ಜಾಗಕ್ಕೆ ಬಾಗಿಲು ಬೇಕು ಎನ್ನುವುದೇ ಇಲ್ಲಿ ಹೊಸದು. ಮುಂಡಗೋಡ ಕಡೆಯ ಚಕ್ಕಡಿ ಅಂಗಳದಲ್ಲೋ ಕೊಟ್ಟಿಗೆಯ ಮಾಡಿನ ಕೆಳಗೋ ನೊಗ ಊರಿ ನಿಲ್ಲುತ್ತಿತ್ತು. ಅದನ್ನು ಕದ್ದೊಯ್ಯಲು ಎತ್ತೂ ಬೇಕಲ್ಲ. ತಡೆಯಬೇಕಾದದ್ದು ದನವನ್ನು. ಅದಕ್ಕೆ ಘಟ್ಟದ ಮೇಲಿನವರು ಕಟ್ಟಿಕೊಂಡದ್ದು ದಣಪೆ, ಕೆಲವು ಕಡೆ ಉಣಗೋಲು ಎನ್ನುತ್ತಾರೆ. ತೂತು ಕೊರೆದ ಎರಡು ಕಂಬ, ನಡುವೆ ಅಡ್ಡಲಾಗಿ ತೂರಿಸಿದ ನಾಲ್ಕೈದು ಬಿದಿರು ಗಳ, ಅಷ್ಟೇ. ಶಾಲೆಗೆ ಹೋಗುವ ಹುಡುಗ ಒಂದೊಂದಾಗಿ ಎಳೆದು ತೆಗೆಯುತ್ತಿದ್ದ. ಇಡೀ ದಣಪೆ ಒಮ್ಮೆಲೇ ಯಾರ ಮೈಮೇಲೂ ಬೀಳುವಂತಿರಲಿಲ್ಲ, ಏಕೆಂದರೆ ಅದರ ಭಾರ ತುಂಡು ತುಂಡಾಗಿ ಹಂಚಿಹೋಗಿತ್ತು. ಕಾಲಿಗೆ ಒಂದು ಗಳ ಬಿದ್ದರೆ ಅರಿಶಿನ ಹಚ್ಚಿದರಾಯಿತು.

ಭಾರ ಒಂದೇ ಹಲಗೆಯಲ್ಲಿ ಕೂಡಿಕೊಂಡದ್ದು ಮೋಟಾರು ಗಾಡಿಯ ಜೊತೆ. ಅಮೆರಿಕದಲ್ಲಿ ಸಿ. ಜಿ. ಜಾನ್ಸನ್ ಎಂಬಾತ 1921ರಲ್ಲಿ ಮೇಲಕ್ಕೆ ಎತ್ತುವ ಗ್ಯಾರೇಜ್ ಬಾಗಿಲನ್ನು, 1926ರಲ್ಲಿ ಅದನ್ನು ಎತ್ತುವ ವಿದ್ಯುತ್ ಯಂತ್ರವನ್ನು ತಂದ. ಕ್ವಿಂಟಾಲಿನ ಹತ್ತಿರ ತೂಗುವ ಬಾಗಿಲು ಒಂದು ಕೈಗೆ ಹಗುರಾಗುವುದು ಸ್ಪ್ರಿಂಗಿನಿಂದ. ಬಾಗಿಲು ಇಳಿಯುವಾಗ ಸ್ಪ್ರಿಂಗು ಬಿಗಿಯುತ್ತದೆ, ಏರುವಾಗ ಆ ಬಿಗಿಯೇ ಭಾರ ಹೊರುತ್ತದೆ. ಹಾಗಾಗಿ ಭಾರವೇನೂ ಹೋಗಿಲ್ಲ, ಕಣ್ಣಿಗೆ ಕಾಣದಂತೆ ಅಡಗಿದೆ. ಸ್ಪ್ರಿಂಗು ತುಂಡಾದ ದಿನ ಅಷ್ಟೂ ಒಮ್ಮೆಗೇ ಹೊರಬರುತ್ತದೆ.

ಯಂತ್ರಕ್ಕೆ ಕಣ್ಣಿರಲಿಲ್ಲ. ತಾನಾಗಿ ಇಳಿಯುವ ಬಾಗಿಲಿನ ಅಡಿ ಸಿಕ್ಕಿ 1980ರ ದಶಕದಲ್ಲಿ ಅಲ್ಲಿ ಹತ್ತಾರು ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾನೂನು ಬಂತು. 1993ರ ಜನವರಿ 1ರಿಂದ ತಯಾರಾಗುವ ಪ್ರತಿ ಮನೆಬಳಕೆಯ ಯಂತ್ರವೂ ಅಡ್ಡ ಸಿಕ್ಕದ್ದನ್ನು ಅರಿತು ಎರಡು ಸೆಕೆಂಡಿನೊಳಗೆ ಬಾಗಿಲನ್ನು ಹಿಂದಕ್ಕೆ ಎತ್ತಬೇಕು. ಅದರ ಜೊತೆಗೆ ನೆಲದಿಂದ ಆರು ಇಂಚಿಗಿಂತ ಮೇಲಲ್ಲದಂತೆ ಎರಡೂ ಬದಿಗೆ ಬೆಳಕಿನ ಕಣ್ಣು ಇಡಬೇಕು, ಇಲ್ಲವೇ ಅದಕ್ಕೆ ಸಮನಾದ ಇನ್ನೊಂದು ಕಾವಲು ಬೇಕು. ಪರೀಕ್ಷೆಗೆ ಉಪಕರಣವೇನೂ ಬೇಡ. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಹೊಸ್ತಿಲ ನಡುವೆ ಮಲಗಿಸಿ ಗುಂಡಿ ಒತ್ತುವುದು. ಬಾಗಿಲು ಮುಟ್ಟಿ ಹಿಂದಕ್ಕೆ ಹೋದರೆ ಪಾಸು. ಮರಕ್ಕೆ ಒತ್ತಿ ನಿಂತೇ ಬಿಟ್ಟರೆ ಫೇಲು. ಒಂದೂವರೆ ಇಂಚೇ ಯಾಕೆ ಅಂದರೆ, ನೆಲಕ್ಕೆ ಅಂಟಿ ಬಿದ್ದ ಮಗುವನ್ನೂ ಯಂತ್ರ 'ಇದು ನೆಲ' ಎಂದುಕೊಳ್ಳಬಾರದು. ತಿಂಗಳಿಗೊಮ್ಮೆ ಮಾಡಿ ಎನ್ನುವುದು ಅಲ್ಲಿನವರ ವಾಡಿಕೆಯ ಸಲಹೆ. ಯುರೋಪಿನವರು ಮುಚ್ಚುವ ಬಾಗಿಲು ಎಷ್ಟು ಬಲದಿಂದ ಒತ್ತಬಹುದು ಎನ್ನುವುದಕ್ಕೇ ಮಿತಿ ಹಾಕಿದರು: ಮೊದಲ ಹೊಡೆತಕ್ಕೆ 400 ನ್ಯೂಟನ್, ಅದೂ ಮುಕ್ಕಾಲು ಸೆಕೆಂಡು ಮಾತ್ರ.

ಈ ಚರಿತ್ರೆ ನಮ್ಮ ಬೀದಿಗೆ ಬರಲಿಲ್ಲ. ನಮಗೆ ಬಂದದ್ದು ಶಟರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯನ್ನು ಕಾರ್ಖಾನೆಯ ಊರಾಗಿಸಿತು. ಇಂಥ ಊರುಗಳಲ್ಲಿ ಗೋದಾಮಿಗೆ, ಅಂಗಡಿಗೆ ಹಾಕಿದ ಸುರುಳಿ ಬಾಗಿಲೇ ಮುಂದೆ ಮನೆಯ ಕೆಳಗಿನ ಕಾರ್ ಶೆಡ್ಡಿಗೂ ಬಂತು. ಲೋಹದ ರೋಲಿಂಗ್ ಶಟರಿಗೆ ಭಾರತೀಯ ಮಾನದಂಡ ಇದೆ, ಐಎಸ್ 6248, 1979ರದು. ಅದರ ಗಮನವೆಲ್ಲ ಪಟ್ಟಿಯ ದಪ್ಪ, ಪಕ್ಕದ ಗೈಡ್ ಚಾನಲ್, ಸ್ಪ್ರಿಂಗು, ಬೀಗದ ಮೇಲೆ. ಕಳ್ಳನನ್ನು ನೆನೆದು ಬರೆದ ಹಾಗಿದೆ.

ಶಟರಿನ ಆರೋಗ್ಯ ಗೊತ್ತಾಗುವುದು ಸೊಂಟದ ಮಟ್ಟದಲ್ಲಿ. ಕೊಕ್ಕೆಯಿಂದ ಅರ್ಧ ಎಳೆದು ನಿಧಾನ ಕೈ ಸಡಿಲಿಸಿದರೆ ಅದು ಅಲ್ಲೇ ನಿಲ್ಲಬೇಕು. ಸರ್‍ರನೆ ಕೆಳಗೆ ಓಡಿದರೆ ಸ್ಪ್ರಿಂಗು ಸೋತಿದೆ, ಮೇಲಕ್ಕೆ ಹಾರಿದರೆ ವಿಪರೀತ ಬಿಗಿದಿದ್ದಾರೆ. ಎರಡರಲ್ಲಿ ಯಾವುದಿದ್ದರೂ ಸ್ಪ್ರಿಂಗಿಗೆ ಮನೆಯವರು ಕೈ ಹಾಕಬಾರದು, ಶಟರು ರಿಪೇರಿಯವನನ್ನೇ ಕರೆಯಬೇಕು. ಬಿಗಿದ ಸ್ಪ್ರಿಂಗು ಕೈ ಮುರಿಯುತ್ತದೆ. ಮನೆಯವರು ಮಾಡಬಹುದಾದ್ದು ಚಾನಲ್ ಒರೆಸುವುದು, ಮಳೆಗಾಲ ಮುಗಿದ ಮೇಲೆ ಅಡಿಪಟ್ಟಿಯ ತುಕ್ಕು ಕೆರೆದು ಬಣ್ಣ ಹಚ್ಚುವುದು. ಚಾನಲ್ಲಿಗೆ ಗ್ರೀಸು ಮೆತ್ತುವ ಚಾಳಿ ಬಹಳ ಮಂದಿಗಿದೆ. ನಮ್ಮ ಕೆಂಪು ಧೂಳು ಅದಕ್ಕೆ ಹತ್ತಿ ಒಂದೇ ಬೇಸಿಗೆಯಲ್ಲಿ ಉಪ್ಪುಕಾಗದದಂತೆ ಉಜ್ಜತೊಡಗುತ್ತದೆ. ಸುರುಳಿಯ ಪೆಟ್ಟಿಗೆಯಲ್ಲಿ ಗುಬ್ಬಿ ಗೂಡು ಕಟ್ಟಿದ್ದರೆ ಏನು ಮಾಡಬೇಕು ಎಂಬುದಕ್ಕೆ ಯಾವ ಮಾನದಂಡದಲ್ಲೂ ಉತ್ತರವಿಲ್ಲ. ಮರಿ ಹಾರುವ ತನಕ ಶಟರು ಎತ್ತದೆ ಸ್ಕೂಟರನ್ನು ಹೊರಗೇ ನಿಲ್ಲಿಸುವ ಮನೆಗಳಿವೆ, ಅವರ ಬಗ್ಗೆ ನನಗೆ ಗೌರವ.

ಈಗಿನದು ಸರಿಯುವ ಗೇಟಿನ ಕಾಲ. ಮೂವತ್ತು–ನಲವತ್ತರ ಸೈಟು, ಮುಂದೆ ಗಟಾರ, ಒಳಗೆ ಕಾರು. ಕದ ಒಳಕ್ಕೆ ತೆರೆಯಲು ಜಾಗವಿಲ್ಲ, ಹೊರಕ್ಕೆ ತೆರೆದರೆ ರಸ್ತೆ. ಪಕ್ಕಕ್ಕೆ ಸರಿಸುವುದೊಂದೇ ದಾರಿ. ಜೋಯಿಡಾ, ಗಣೇಶಗುಡಿ ಕಡೆಯ ಹೋಮ್‌ಸ್ಟೇಗಳಲ್ಲೂ ಇದೇ. ಈ ಗೇಟಿನ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಹನ್ನೆರಡು ಅಡಿ ಉದ್ದ, ಐದು ಅಡಿ ಎತ್ತರದ ಹದಿನಾರು ಗೇಜಿನ ಕಬ್ಬಿಣದ ಶೀಟೇ ಸುಮಾರು 70 ಕಿಲೋ. ಚೌಕಟ್ಟು, ಗಾಲಿ, ನವಿಲು ಸೇರಿದರೆ ನೂರು ದಾಟುತ್ತದೆ. ಇಷ್ಟು ಭಾರ ನಿಂತಿರುವುದು ಆಂಗಲ್ ಹಳಿಯ ಮೇಲಿನ ಎರಡು ಗಾಲಿಗಳ ಮೇಲೆ. ಅಡ್ಡಕ್ಕೆ ಒರಗದಂತೆ ಹಿಡಿದಿರುವುದು ಕಂಬದ ನೆತ್ತಿಯ ಎರಡು ರೋಲರು. ಗೇಟು ಅತಿಯಾಗಿ ಸರಿದು ರೋಲರಿನಿಂದ ಕಳಚಿದರೆ ಮುಂದೆ ಅದು ಗೇಟಲ್ಲ, ಗೋಡೆ.

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು 11 ವರ್ಷದ ಹುಡುಗ ಸತ್ತ. ಆ ಸುದ್ದಿ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಹೊರನಾಡಿನ ಸುರಕ್ಷತೆಯ ಚಿಂತನೆ ಬಹುಪಾಲು ಮೋಟಾರಿನ ಸುತ್ತ ಬೆಳೆಯಿತು. ನಮ್ಮ ಕಂಟಕ ಇರುವುದು ಕೈಯಿಂದ ತಳ್ಳುವ ಗೇಟಿನಲ್ಲಿ, ವೆಲ್ಡ್ ಮಾಡದೆ ಬಿಟ್ಟ ಒಂದು ತುಂಡು ಕಬ್ಬಿಣದಲ್ಲಿ. ಅದನ್ನು ಸ್ಟಾಪರ್ ಎನ್ನುತ್ತಾರೆ. ಹಳಿಯ ಎರಡೂ ತುದಿಗೆ ಒಂದೊಂದು, ಸಾಧ್ಯವಾದರೆ ಮೇಲೂ ಒಂದು. ಗೇಣುದ್ದದ ಆಂಗಲ್, ಎರಡು ರಾಡು ವೆಲ್ಡಿಂಗು, ಹತ್ತು ನಿಮಿಷದ ಕೆಲಸ.

ಸ್ಟಾಪರ್ ಇದ್ದಲ್ಲೂ ಮಳೆ ಬಿಡುವುದಿಲ್ಲ. ಜೋಯಿಡಾದ ಘಟ್ಟದಂಚಿನಲ್ಲಿ ನಾಲ್ಕು ತಿಂಗಳು ಹಿಡಿದ ಮಳೆ ಕಂಬ ನೆಲಕ್ಕೆ ಸೇರುವ ಜಾಗವನ್ನೇ ತಿನ್ನುತ್ತದೆ, ಬಣ್ಣದ ಕೆಳಗೆ, ಕಾಣದಂತೆ. ಸ್ಕ್ರೂಡ್ರೈವರಿನಿಂದ ಅಲ್ಲಿ ಒತ್ತಿ ನೋಡಬೇಕು. ಹಪ್ಪಳದ ಹಾಗೆ ಒಳಗೆ ಹೋದರೆ ಗೇಟನ್ನು ಅಂದೇ ಕಟ್ಟಿಹಾಕಿ ವೆಲ್ಡರನ್ನು ಕರೆಯಬೇಕು. ಇನ್ನು ಹಳಿಯಲ್ಲಿ ಜಲ್ಲಿ ಸಿಕ್ಕಿದೆಯೇ, ಕಾರಿನ ಗಾಲಿ ಹತ್ತಿ ಹಳಿ ಬಗ್ಗಿದೆಯೇ, ನೆತ್ತಿಯ ರೋಲರಿನ ನಟ್ಟು ಸಡಿಲವೇ, ಇಷ್ಟು ನೋಡಿದರೆ ಮುಗಿಯಿತು. ಮಕ್ಕಳು ಗೇಟಿನ ಮೇಲೆ ಹತ್ತಿ ಬಸ್ಸಾಟ ಆಡುವುದನ್ನು ನಿಲ್ಲಿಸುವುದು ಬೇರೆ ಮಾತು, ಅದನ್ನು ಬೈದು ಬೈದು ಸೋತವರು ನಾವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಚೈನು ತುಂಡಾಗಿ. ಎಂಜಿನಿಯರುಗಳ ಕಾವಲಿರುವ ಗೇಟೇ ಹಾಗಾಗುವುದಾದರೆ ನಮ್ಮ ಗೇಟಿನ ರೋಲರನ್ನು ವರ್ಷಕ್ಕೊಮ್ಮೆಯಾದರೂ ಕತ್ತೆತ್ತಿ ನೋಡಬಹುದು. ಆಯುಧಪೂಜೆಗೆ ಕಾರು ತೊಳೆದು ಗೇಟಿಗೂ ಕುಂಕುಮ ಹಚ್ಚುತ್ತೇವಲ್ಲ, ಆ ಹೊತ್ತು ಒಳ್ಳೆಯದು. ಮಳೆಯೂ ಅಷ್ಟರಲ್ಲಿ ಇಳಿದಿರುತ್ತದೆ.

ರಿಮೋಟಿನ ಗೇಟು ಈಗೀಗ ಬರುತ್ತಿದೆ. ಸರಿಯುವ ಗೇಟಿನ ಮೋಟಾರಿಗೂ ಮರದ ತುಂಡಿನ ಪರೀಕ್ಷೆ ನಡೆಯುತ್ತದೆ, ತುಂಡನ್ನು ನೆಲದ ಮೇಲಲ್ಲ, ಕಂಬಕ್ಕೆ ಆನಿಸಿ ಹಿಡಿಯಬೇಕು, ಕೈ ದೂರ ಇರಬೇಕು. ಮುಚ್ಚುವಾಗ ಬೆಳಕಿನ ಕಣ್ಣಿನ ಮುಂದೆ ಕಸಬರಿಗೆಯ ಹಿಡಿ ಚಾಚಿದರೆ ಗೇಟು ನಿಲ್ಲಬೇಕು. ಮಳೆಗಾಳಿಗೆ ಮರ ಬಿದ್ದು ಹೆಸ್ಕಾಂ ಲೈನು ಹೋದ ರಾತ್ರಿ ಮೋಟಾರನ್ನು ಬಿಡಿಸಿ ಕೈಯಿಂದ ತಳ್ಳಲು ಒಂದು ಕೀಲಿ ಕೊಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ನನ್ನನ್ನು ಕೇಳಿದರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲಿಸುವ ಹಳೆಯ ಬಗೆಯ ಸ್ವಿಚ್ಚೇ ಚೆನ್ನು, ಅದು ಮನುಷ್ಯನನ್ನು ಗೇಟಿನ ಎದುರೇ ನಿಲ್ಲಿಸುತ್ತದೆ. ಆದರೆ ಕಾರಿನೊಳಗೆ ಕೂತು ರಿಮೋಟು ಒತ್ತುವ ಸುಖ ಕಂಡವರು ಇದನ್ನು ಒಪ್ಪಲಾರರು.

ಮಳೆ ಬಿಟ್ಟ ಮೇಲೆ ಬೆಳಕಿನ ಕಣ್ಣಿನ ಮುಂದೆ ಜೇಡ ಬಲೆ ಕಟ್ಟುತ್ತದೆ. ಬಲೆ ದಟ್ಟವಾದರೆ ಗೇಟು ಅರ್ಧಕ್ಕೇ ನಿಲ್ಲುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಕಳೆದ ಬಾರಿ ನಾನು ನೋಡಿದ ಒಂದು ಮನೆಯಲ್ಲಿ ಒರೆಸಿ ಬೇಸತ್ತು ಎರಡೂ ಕಣ್ಣುಗಳನ್ನು ಬಿಚ್ಚಿಸಿ, ಎದುರುಬದುರು ಮಾಡಿ, ಕಪ್ಪು ಟೇಪು ಸುತ್ತಿ ಮೋಟಾರಿನ ಪೆಟ್ಟಿಗೆಯೊಳಗೇ ಇಡಿಸಿದ್ದರು. ಅಂದಿನಿಂದ ಗೇಟು ಒಂದು ಸಲವೂ ನಡುವೆ ನಿಂತಿಲ್ಲ ಎಂದು ಯಜಮಾನರು ಖುಷಿಯಿಂದ ಮುಚ್ಚಿ ತೋರಿಸಿದರು. ಮೊಮ್ಮಗಳು ಹಳಿಯ ಪಕ್ಕ ಕೂತು ಕಲ್ಲು ಆಯುತ್ತಿದ್ದಳು.