ಹೊಳೆ ದಾಟಿದ ಸಂಸಾರಗಳು

ಸೆಪ್ಟೆಂಬರ್ 17 ಬಂತಂದ್ರೆ ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಧ್ವಜ ಏರಿಸ್ತಾರೆ, ಹೋರಾಟಗಾರರ ಹೆಸರು ಹೇಳ್ತಾರೆ. ಹೇಳಲೇಬೇಕು. ಆದರೆ ಆ ಹೊತ್ತಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟ ಸಂಸಾರಗಳ ಮಾತು ಬರೋದು ಕಡಿಮೆ.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಮಾತ್ರ ಹೆಚ್ಚುತ್ತಲೇ ಹೋಯಿತು. ಜನ ಗಡಿಯ ದಾರಿ ಹಿಡಿದರು.

ಗಡಿ ಎಲ್ಲರಿಗೂ ಒಂದೇ ದೂರ ಇರಲಿಲ್ಲ ನೋಡ್ರಿ. ಮಾನ್ವಿ ಸೀಮೆಯವರಿಗೆ ತುಂಗಭದ್ರೆ ದಾಟಿದರೆ ಆಚೆ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆದವಾನಿ ಆಗ ಅದರೊಳಗೇ ಇತ್ತು. ರಾಯಚೂರಿನವರಿಗೆ ಮದ್ರಾಸ್ ಕಡೆ ಹೋಗುವ ರೈಲು ಹಳಿ ಇತ್ತು. ದೇವದುರ್ಗದವರಿಗೆ? ಹತ್ತಿರದ ಹೊಳೆ ಕೃಷ್ಣೆ. ಅದನ್ನು ದಾಟಿದರೆ ಶಹಾಪುರ, ಸುರಪುರ. ಅದೂ ನಿಜಾಮನ ಸೀಮೆಯೇ. ಕೂಸು ಕಂದಮ್ಮಗಳನ್ನು ಕಟ್ಟಿಕೊಂಡು ಪಕ್ಕದ ತಾಲ್ಲೂಕುಗಳನ್ನು ಹಾದು ಹೋದರೇನೇ ಬ್ರಿಟಿಷರು ಬಿಟ್ಟುಹೋದ ಭಾರತ ಸಿಗುತ್ತಿತ್ತು.

ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಶಿಬಿರ ನಡೆಸಿದರು. ಶಿಬಿರಗಳ ಚರಿತ್ರೆ ಅಂದ್ರೆ ನಮಗೆ ಕೋವಿ, ದಾಳಿಗಳದ್ದೇ ನೆನಪು. ಆದರೆ ಊರು ಬಿಟ್ಟವರಿಗೆ ಮೊದಲು ಬೇಕಾದದ್ದು ಜೋಳ, ಹೊದೆಯಲು ಕಂಬಳಿ, ಮಳೆಗೆ ಒಂದು ಸೂರು. ಬಿತ್ತನೆ ತಪ್ಪಿದ ಹೊಲ, ಶಾಲೆ ತಪ್ಪಿದ ಮಕ್ಕಳು ಯಾವ ವಿಜಯದ ಲೆಕ್ಕಕ್ಕೂ ಸೇರಲಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರುವಾಗಿ 17ಕ್ಕೆ ನಿಜಾಮ ಶರಣಾದ. ಕತೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಸೇಡು ಎದ್ದಿತು. ರಜಾಕಾರರ ಜೊತೆ ಸಂಬಂಧವೇ ಇಲ್ಲದ ಮುಸ್ಲಿಂ ಸಂಸಾರಗಳೂ ಊರು ಬಿಟ್ಟವು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿತು. ಗುಲಬರ್ಗಾ, ಬೀದರ್ ಹೆಚ್ಚು ನೊಂದ ಜಿಲ್ಲೆಗಳಲ್ಲಿದ್ದವು. ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು.

ಒಂದು ಗುಂಪಿನ ಕಣ್ಣೀರು ಹೇಳಿ ಇನ್ನೊಂದರದ್ದು ಮುಚ್ಚಿಟ್ಟರೆ ಅದು ಚರಿತ್ರೆ ಆಗೋದಿಲ್ಲ, ಪಂಚಾಯ್ತಿಯ ಒಂದು ಕಡೆಯ ವಕಾಲತ್ತು ಆಗ್ತದೆ. ಹಸಿದ ಕೂಸಿಗೆ ಯಾವ ಪಕ್ಷ?

ಆಗ ಎಂಟು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ನಿಮ್ಮ ಓಣಿಯಲ್ಲಿ ಅಂಥ ಅಜ್ಜಿ ಇದ್ದರೆ, ಹೊಳೆ ಹೇಗೆ ದಾಟಿದಿರಿ, ಮರಳಿ ಬಂದಾಗ ಮನೆಯೊಳಗೆ ಏನು ಉಳಿದಿತ್ತು ಅಂತ ಕೇಳ್ರಿ. ಬರೆದಿಟ್ಟುಕೊಳ್ರಿ. ಸರ್ಕಾರಿ ಕಡತದಲ್ಲಿ ಅದು ಸಿಗೋದಿಲ್ಲ.